ಕ್ಲಿಫರ್ಡನ ಕುರ್ಚಿ ಮತ್ತು ಚಾರ್ಜರ್ ಕಂಬ

ನಮ್ಮ ಲೂಮ್ ಬೀದಿಯಲ್ಲಿ ಜಗಳ ಅಂತ ಆದರೆ ಅದು ಕಾರು ನಿಲ್ಲಿಸುವ ಜಾಗಕ್ಕೇ. ಇಂಗ್ಲೆಂಡಿನ ಉತ್ತರದ ಹಳೇ ಮಿಲ್ಲಿನ ಊರು ನಮ್ಮದು. ಮನೆಗೆ ಮನೆ ಅಂಟಿಕೊಂಡಿದೆ, ಬಾಗಿಲು ತೆಗೆದರೆ ಕಾಲಿಡುವುದು ಫುಟ್‌ಪಾತಿನ ಮೇಲೆ. ಅಂಗಳವೂ ಇಲ್ಲ, ಶೆಡ್ಡೂ ಇಲ್ಲ. ಕಾರಿದ್ದವರು ಬೀದಿಯಲ್ಲೇ ನಿಲ್ಲಿಸಬೇಕು, ಸಿಕ್ಕವರಿಗೆ ಸೀರುಂಡೆ.

ಹನ್ನೆರಡನೇ ನಂಬರಿನ ಕ್ಲಿಫರ್ಡನಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಅವನ ಹತ್ತಿರ ಒಂದು ಹಸಿರು ಬಣ್ಣದ ಅಡುಗೆಮನೆ ಕುರ್ಚಿ ಇತ್ತು. ದಿನಾ ಬೆಳಿಗ್ಗೆ ಅದನ್ನು ತಂದು ಬಾಗಿಲೆದುರು ರಸ್ತೆಯಲ್ಲಿಟ್ಟರೆ ಮುಗಿಯಿತು, ಜಾಗ ಅವನದು. ಕಾರು ಮಾರಿ ನಾಲ್ಕು ವರ್ಷವಾದರೂ ಕುರ್ಚಿ ಹೊರಗೆ ಬರುವುದು ನಿಂತಿರಲಿಲ್ಲ. ಭಾನುವಾರ ಮಗಳು ಬರುತ್ತಾಳಂತೆ! ಉಳಿದ ಆರು ದಿನ ಅಲ್ಲಿ ಬರೀ ಗಾಳಿ ನಿಲ್ಲುತ್ತಿತ್ತು. ನಮ್ಮ ಜನ ಬೆನ್ನ ಹಿಂದೆ ಬೈಯುತ್ತಾರೆಯೇ ಹೊರತು ಕುರ್ಚಿ ಮುಟ್ಟುವವರಲ್ಲ. ನಾನು ಪಕ್ಕದ ಮನೆಯ ನೊರೀನ್, ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು, ಯಾರಿಗೂ ಹೆದರಿದವಳಲ್ಲ. ನಾನೂ ಮುಟ್ಟಿರಲಿಲ್ಲ.

ಎದುರು ಸಾಲಿನ ಹತ್ತೊಂಬತ್ತನೇ ನಂಬರಿನಲ್ಲಿ ಅಬೆನಾ ಇದ್ದಾಳೆ. ಮನೆಮನೆಗೆ ಹೋಗಿ ಕೈಲಾಗದವರನ್ನು ಎಬ್ಬಿಸಿ, ಮೈ ತೊಳೆಸಿ, ಬಟ್ಟೆ ಹಾಕುವುದು ಅವಳ ಕೆಲಸ. ದಿನದ ಮೊದಲ ಮನೆ ಕ್ಲಿಫರ್ಡನದೇ. ಅವನ ಹೆಂಡತಿ ಏವಿಸ್‌ಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು, ಮಾತೂ ಅಪರೂಪ. ಅಬೆನಾ ಬಂದರೆ ಮಾತ್ರ ಅವಳ ಮುಖ ಅರಳುತ್ತದೆ. ತಲೆ ಬಾಚಲು ಬೇರೆ ಯಾರಿಗೂ ಬಿಡುವುದಿಲ್ಲ, ಕ್ಲಿಫರ್ಡನಿಗೂ ಇಲ್ಲ.

ಅಬೆನಾಗೆ ಅವಳ ಆಫೀಸಿನವರು ಪುಟ್ಟ ಕರೆಂಟ್ ಕಾರು ಕೊಟ್ಟರು. ಚಾರ್ಜ್ ಎಲ್ಲಿ ಮಾಡುವುದು? ಕಿಟಕಿಯಿಂದ ಫುಟ್‌ಪಾತಿನ ಮೇಲೆ ವೈರು ಎಳೆದಳು, ಮೇಲೊಂದು ರಬ್ಬರ್ ಚಾಪೆ ಹಾಸಿದಳು. ಮೇ ತಿಂಗಳಲ್ಲಿ ಏವಿಸ್‌ಳ ಗಾಲಿಕುರ್ಚಿ ಅದಕ್ಕೆ ಸಿಕ್ಕಿ ವಾಲಿತು, ಪುಣ್ಯಕ್ಕೆ ಬೀಳಲಿಲ್ಲ. ಯಾರೋ ದೂರು ಕೊಟ್ಟರು. ಫುಟ್‌ಪಾತಿನ ಮೇಲೆ ವೈರು ಕೂಡದು ಅಂತ ಊರಿನ ಆಡಳಿತ ನೋಡುವ ಕೌನ್ಸಿಲ್ಲಿನಿಂದ ಅಬೆನಾಗೆ ಪತ್ರ ಬಂತು. ಅಂದಿನಿಂದ ಅವಳು ಊರಾಚೆಯ ಸೂಪರ್‌ಮಾರ್ಕೆಟ್ಟಿನ ಚಾರ್ಜರ್ ಮುಂದೆ ಸಾಲು ನಿಲ್ಲಬೇಕಾಯಿತು.

ಅಷ್ಟರಲ್ಲಿ ಕೌನ್ಸಿಲ್ಲಿನವರು ದೀಪದ ಕಂಬಕ್ಕೊಂದು ಕಾಗದ ಕಟ್ಟಿಹೋದರು. ಈ ಬೀದಿಯ ಎರಡು ಕಂಬಗಳಿಗೆ ಕಾರು ಚಾರ್ಜ್ ಮಾಡುವ ಸಾಕೆಟ್ ಹಾಕುತ್ತೇವೆ, ಬೇಕೆನ್ನುವವರೂ ಬೇಡವೆನ್ನುವವರೂ ಸೋಮವಾರ ಸಂಜೆಯೊಳಗೆ ಬರೆಯಿರಿ, ಅಂತ. ಎರಡರಲ್ಲೊಂದು ಕ್ಲಿಫರ್ಡನ ಬಾಗಿಲೆದುರಿನದು. ಬೀದಿಯವರೆಲ್ಲ ಓದಿದರು, "ಬಂದ್ರೆ ಒಳ್ಳೇದೇ" ಅಂದರು, ಟೀ ಕಾಯಿಸಲು ಒಳಗೆ ಹೋದರು. ನಾನೂ ಹೋದೆ. ಸುಳ್ಳು ಯಾಕೆ ಹೇಳಲಿ?

ಗುರುವಾರ ಬೆಳಿಗ್ಗೆ ಕ್ಲಿಫರ್ಡ್ ಕರೆದ.

"ನೊರೀನ್, ಪೇಟೆ ಕಡೆ ಹೊರಟ್ಯಾ? ಈ ಕಾಗದ ಡಬ್ಬಕ್ಕೆ ಹಾಕ್ಬಿಡು. ಸ್ಟಾಂಪ್ ಇದ್ರೆ ಅದನ್ನೂ ನೀನೇ ಅಂಟಿಸ್ಬಿಡು."

ಲಕೋಟೆ ದಪ್ಪಗಿತ್ತು. ವಿಳಾಸ ಕೌನ್ಸಿಲ್ಲಿನದು.

"ಏನಯ್ಯಾ ಇದು, ಕೌನ್ಸಿಲ್‌ಗೆ ಪ್ರೇಮಪತ್ರಾನಾ?"

"ತಕರಾರು. ಮೂರು ಪುಟ. ನನ್ನ ಮನೆ ಮುಂದೆ ಚಾರ್ಜರ್ ಹಾಕಿದ್ರೆ ನನ್ನ ಜಾಗ ಹೋಗಲ್ವಾ?"

"ನಿನ್ನ ಜಾಗ ಅಂತ ಯಾರು ಬರ್ಕೊಟ್ಟಿದ್ದಾರೆ? ಬೀದಿ ಎಲ್ಲರದೂ ಕಣೋ."

"ಮೂವತ್ತು ವರ್ಷದಿಂದ ಕುರ್ಚಿ ಇಡ್ತಿದ್ದೀನಿ!"

"ಮೂವತ್ತು ವರ್ಷದಿಂದ ನಾವು ಬಾಯಿ ಮುಚ್ಕೊಂಡಿದ್ದೀವಿ. ಹಾಗಂತ ಅದು ನಿಂದಾಗತ್ತಾ?"

ಸ್ಟಾಂಪ್ ಅಂಟಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಸೀದಾ ಲೈಬ್ರರಿಗೆ ಹೋದೆ. ಅನುಮಾನವಿದ್ದವರು ಅಲ್ಲಿ ಬಂದು ಕೇಳಿ ಅಂತ ಕಂಬದ ಕಾಗದದಲ್ಲೇ ಇತ್ತು. ಕೌನ್ಸಿಲ್ಲಿನ ಹುಡುಗಿ, ಮಿಸ್ ಪೆಥೆರಿಕ್ ಅಂತ, ಅಲ್ಲಿ ಮೇಜು ಹಾಕಿಕೊಂಡು ಕೂತಿದ್ದಳು. ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಹೇಳಿದಳು. ಕೊನೆಗೆ ಒಂದು ಮಾತು ಅಂದಳು.

"ಹೋದ ವರ್ಷ ಇನ್ನೊಂದು ಬೀದೀಲಿ ಎಲ್ಲರಿಗೂ ಬೇಕಿತ್ತಂತೆ. ಒಬ್ಬರೂ ಬರೀಲಿಲ್ಲ. ಬೇಡ ಅಂತ ಒಂದೇ ಒಂದು ಕಾಗದ ಬಂತು. ನಾವು ಸಾಕೆಟ್ ಬೇರೆ ಕಡೆ ಹಾಕಿದ್ವಿ. ಮನಸ್ಸಲ್ಲಿದ್ದಿದ್ದು ನಮಗೆ ಹೇಗೆ ಗೊತ್ತಾಗ್ಬೇಕಮ್ಮಾ?"

ನನಗೆ ಚುರುಕ್ ಅಂತು. ವಾಪಸ್ ಬರುವಾಗ ಅಂಚೆ ಡಬ್ಬದ ಮುಂದೆ ನಿಂತೆ. ಇನ್ನೊಬ್ಬರ ಕಾಗದ ಬಚ್ಚಿಡುವವಳಲ್ಲ ನಾನು. ಆದರೆ ಕೈ ಏಳಲಿಲ್ಲ. ನಾಳೆ ಹಾಕಿದರಾಯಿತು ಅಂದುಕೊಂಡು ಮನೆಗೆ ಬಂದೆ.

ಶುಕ್ರವಾರ ಎಂಟಕ್ಕೆ ಅಬೆನಾ ಬರಬೇಕಿತ್ತು. ಎಂಟೂವರೆ ಆಯಿತು, ಒಂಬತ್ತಾಯಿತು, ಪತ್ತೆ ಇಲ್ಲ. ಗೋಡೆಯಾಚೆಯಿಂದ ಕ್ಲಿಫರ್ಡನ ದನಿ ಕೇಳಿತು. "ನಿಧಾನ ಕಣೇ, ನಿಧಾನ..." ಆಮೇಲೆ, "ನೊರೀನ್!"

ಓಡಿದೆ. ಏವಿಸ್ ಮಂಚದಿಂದ ಅರ್ಧ ಜಾರಿದ್ದಳು. ಎಂಬತ್ತನಾಲ್ಕರ ಮುದುಕ ಅವಳನ್ನು ಕಂಕುಳಲ್ಲಿ ಹಿಡಿದು ಗಡಗಡ ನಡುಗುತ್ತಿದ್ದ. ಎತ್ತಲೂ ಆಗದು, ಬಿಡಲೂ ಆಗದು. ಇಬ್ಬರೂ ಸೇರಿ ಹೇಗೋ ಮೇಲೆ ಕೂರಿಸಿದೆವು.

ಒಂಬತ್ತೂ ಮುಕ್ಕಾಲಿಗೆ ಅಬೆನಾ ಏದುಸಿರು ಬಿಡುತ್ತಾ ಬಂದಳು.

"ಕ್ಷಮಿಸಿ, ಎಂಟರೊಳಗೆ ಚಾರ್ಜ್ ಮಾಡ್ಕೊಂಡು ಬಂದ್ಬಿಡೋಣ ಅಂತ ಬೆಳಗಾಗೋ ಮುಂಚೆನೇ ಹೋದೆ, ಚಾರ್ಜರ್ ಹತ್ರ ನನ್ನ ಮುಂದೆ ಮೂರು ಕಾರಿತ್ತು." ಬಾಚಣಿಗೆ ಎತ್ತಿಕೊಂಡು ಏವಿಸ್‌ಳ ಹಿಂದೆ ನಿಂತಳು. "ನಿಮಗೆ ಹೇಗೆ ಹೇಳೋದು ಅಂತಿದ್ದೆ. ದಿನಾ ಯಾವುದಾದ್ರೂ ಮನೆಗೆ ತಡ ಆಗತ್ತೆ ಅಂತ ಆಫೀಸಿನವರು ನನ್ನನ್ನ ಗುಡ್ಡದ ಆಚೆಗೆ ಹಾಕ್ತಾರಂತೆ. ಅಲ್ಲಿ ಅವರದೇ ಚಾರ್ಜರ್ ಇದೆ. ನಮ್ಮ ಬೀದೀಲೂ ಚಾರ್ಜರ್ ಬಂದ್ರೆ ಇಲ್ಲೇ ಇರು ಅಂದಿದ್ದಾರೆ."

"ಮತ್ತೆ ಇವಳಿಗೆ?" ಅಂದ ಕ್ಲಿಫರ್ಡ್.

"ಯಾರಾದ್ರೂ ಬರ್ತಾರೆ ತಾತ. ದಿನಕ್ಕೊಬ್ಬರು."

ನಾನು ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. "ಸ್ಟಾಂಪ್ ನಂದು, ಕಾಗದ ನಿಂದು. ಹಾಕು ಅಂದ್ರೆ ಈಗ್ಲೇ ಹೋಗಿ ಹಾಕ್ತೀನಿ."

ಕ್ಲಿಫರ್ಡನ ಮುಖ ಸಣ್ಣದಾಯಿತು.

"ಚಾರ್ಜರ್ ಬೇಡ ಅಂತ ನಾನೇ ಬರ್ದಿದ್ದು ಅಬೆನಾ. ನಿನ್ನ ವೈರಿನ ದೂರು ಕೊಟ್ಟವನೂ ನಾನೇ."

"ವೈರಿನ ದೂರು ಸರಿಯಾಗೇ ಇತ್ತು, ಅಜ್ಜಿ ಬೀಳ್ತಿದ್ರು" ಅಂದಳು ಅವಳು. ಅವಳ ಕೈ ಬಾಚುತ್ತಲೇ ಇತ್ತು.

"ಆದ್ರೂ..." ಅಂದ ಕ್ಲಿಫರ್ಡ್. "ಆ ಕಂಬದಿಂದ ಮತ್ತೆ ವೈರು ಎಳೆದ್ರೆ ಇವಳ ಗಾಲಿಕುರ್ಚಿ ಹೇಗೆ ಹೋಗ್ಬೇಕು?"

"ಕಂಬ ರಸ್ತೆ ಅಂಚಲ್ಲೇ ಇದ್ಯಲ್ಲೋ" ಅಂದೆ ನಾನು. " ವೈರು ಕಂಬಕ್ಕೂ ಕಾರಿಗೂ ನಡುವೆ ಅಷ್ಟೇ. ಫುಟ್‌ಪಾತ್ ಖಾಲಿ."

"ಕರೆಂಟಿನ ಬಿಲ್ಲು ನಮ್ಮ ತಲೆ ಮೇಲಾ?"

"ಯಾರು ಚಾರ್ಜ್ ಮಾಡ್ಕೋತಾರೋ ಅವರೇ ಕಟ್ತಾರೆ. ಬೀದಿ ದೀಪವೂ ಎಂದಿನ ಹಾಗೇ ಉರಿಯತ್ತೆ. ಎಲ್ಲಾ ಕೇಳ್ಕೊಂಡೇ ಬಂದಿದ್ದೀನಿ."

"ಮಗಳು ಭಾನುವಾರ ಬಂದ್ರೆ?"

"ಮೂಲೇಲಿ ನಿಲ್ಲಿಸಿ ನಡ್ಕೊಂಡು ಬರ್ಲಿ, ಅವಳಿಗೇನು ಕಾಲಿಲ್ವಾ?"

ಆಗ ಏವಿಸ್ ಬಾಯಿ ತೆರೆದಳು. ಅವಳಿಗೆ ಮಾತೆಂದರೆ ಬೆಟ್ಟ ಹತ್ತಿದ ಹಾಗೆ. ನಾವೆಲ್ಲ ಕಾದೆವು.

"ಕುರ್ಚಿ" ಅಂದಳು. ಉಸಿರು ಎಳೆದುಕೊಂಡಳು. "ಒಳಗೆ... ತಗೊಂಬಾ."

ಕ್ಲಿಫರ್ಡ್ ತೆಪ್ಪಗೆ ಎದ್ದು ಹೋಗಿ ತಂದ. ಆಮೇಲೆ ಕೆಟಲ್ ಕಾಯಿಸಿದ. ನಾನು ಟೀಗೆ ಅಂದುಕೊಂಡರೆ ಆಸಾಮಿ ಲಕೋಟೆಯನ್ನು ಹಬೆಗೆ ಹಿಡಿದು ನನ್ನ ಸ್ಟಾಂಪ್ ಬಿಡಿಸುತ್ತಿದ್ದಾನೆ! "ಹೊಸಾ ಸ್ಟಾಂಪ್, ಸುಮ್ನೆ ದಂಡ ಯಾಕೆ?" ಅಂದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮೂರು ಪುಟ ಒಲೆಗೆ ಹೋಯಿತು. ಹೊಸ ಕಾಗದದಲ್ಲಿ ಮೂರೇ ಸಾಲು: "ನನ್ನ ಮನೆಯೆದುರಿನ ಕಂಬಕ್ಕೆ ಚಾರ್ಜರ್ ಹಾಕಿ. ನನಗೆ ಕಾರಿಲ್ಲ. ನನ್ನ ಹೆಂಡತಿಯನ್ನು ಬೆಳಿಗ್ಗೆ ಎಬ್ಬಿಸುವವಳಿಗೆ ಇದೆ."

ಅಂದು ಸಂಜೆ ನಾನೂ ಅವನೂ ಮನೆಮನೆ ಬಾಗಿಲು ತಟ್ಟಿದೆವು. "ಒಳ್ಳೇದೇ ಅಂದ್ರಲ್ಲ, ಅದನ್ನೇ ಬರ್ಕೊಡಿ" ಅಂದೆವು. ಕೆಲವರು ಗೊಣಗಿದರು, ಒಬ್ಬ ಬಾಗಿಲೇ ತೆಗೆಯಲಿಲ್ಲ. ಆದರೂ ಹನ್ನೊಂದು ಕಾಗದ ಸಿಕ್ಕಿತು. ಸೋಮವಾರ ಮಿಸ್ ಪೆಥೆರಿಕ್ ಕೈಗೇ ಕೊಟ್ಟುಬಂದೆ.

ಸಾಕೆಟ್ ಬರುತ್ತದೆ ಅಂತಾದ ಮೇಲೆ ಆಫೀಸಿನವರು ಅಬೆನಾಳನ್ನು ಇಲ್ಲೇ ಬಿಟ್ಟರು. ಸೆಪ್ಟೆಂಬರಿನಲ್ಲಿ ಸಾಕೆಟ್ ಬಂತು. ಮೊದಲ ದಿನ ಅಬೆನಾ ಕಾರು ತಂದು ನಿಲ್ಲಿಸಿದಾಗ ಕ್ಲಿಫರ್ಡ್ ಮತ್ತೆ ಹಸಿರು ಕುರ್ಚಿ ಹೊತ್ತು ಹೊರಗೆ ಬಂದ. ಅಯ್ಯೋ, ಮತ್ತೆ ಶುರುವಾಯಿತಾ ಅಂತ ನಾನು ಬಾಗಿಲಿಗೆ ಓಡಿದೆ. ಅವನು ಅದನ್ನು ರಸ್ತೆಗೆ ಇಳಿಸಲಿಲ್ಲ. ತನ್ನ ಗೋಡೆಗೆ ಒತ್ತಿ, ಏವಿಸ್‌ಳ ಗಾಲಿಕುರ್ಚಿಯ ಪಕ್ಕಕ್ಕಿಟ್ಟು ಕೂತ.

"ಕಾವಲು ಕಾಯ್ತಿದ್ದೀಯಾ? ಆ ಜಾಗವೂ ನಿಂದಲ್ಲ" ಅಂದೆ.

"ಕಾವಲಲ್ಲ ಕಣೇ. ಸುಮ್ನೆ ಕೂತಿದ್ದೀನಿ, ನನ್ನ ಹೆಂಡತಿ ಜೊತೆ."

ಏವಿಸ್‌ಳ ತಲೆ ನೀಟಾಗಿ ಬಾಚಿತ್ತು. ನನಗೆ ಕಣ್ಣು ತುಂಬಿಬಂತು, ಹೇಳಲು ನಾಚಿಕೆಯೇನಿಲ್ಲ.

ಓದುತ್ತಿರುವ ನೀವೂ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಕಂಬಕ್ಕೆ ಕಾಗದ ಕಟ್ಟಿದ್ದರೆ ನಿಂತು ಓದಿ. ಅನುಮಾನವಿದ್ದರೆ ಹೋಗಿ ಕೇಳಿ. ಬೇಡವೆನ್ನುವವರು ಹೇಗೂ ಬರೆಯುತ್ತಾರೆ, ಬೇಕೆನ್ನುವವರೂ ಬರೆಯಿರಿ. ಕಾಗದವೇ ಕಟ್ಟಿಲ್ಲವೇ? ನಮ್ಮ ಬೀದಿಗೂ ಚಾರ್ಜರ್ ಬೇಕು ಅಂತ ನೀವೇ ಮೊದಲು ಕೇಳಿ, ಅಳುವ ಮಗುವಿಗೇ ಹಾಲು. ಫುಟ್‌ಪಾತಿನ ಮೇಲೆ ವೈರು ಎಳೆಯಬೇಡಿ, ಚಾರ್ಜ್ ಮುಗಿದ ಮೇಲೆ ಕಾರು ತೆಗೆದು ಇನ್ನೊಬ್ಬರಿಗೆ ಬಿಡಿ. ನನಗೆ ಕಾರಿಲ್ಲ, ನನಗ್ಯಾಕೆ ಅನ್ನಬೇಡಿ. ನಿಮ್ಮ ಮನೆಗೆ ಬೆಳಿಗ್ಗೆ ಬರುವವರ ಹತ್ತಿರ ಇರಬಹುದು.