ಖಾಲಿ ಪರದೆಯ ಕೊಲೆಗಾರ

ಸಿನಿಮಾಕ್ಕಿನ್ನೂ ಮಾತು ಬಂದಿರದ ಕಾಲ. ನಮ್ಮ ಚಿತ್ರಮಂದಿರದ ಮುಂದಿನ ಬೆಂಚುಗಳವರಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ, ಪರದೆಯ ಮೇಲೆ ಮೂಡುವ ಬರಹವನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಅಣ್ಣನ ಕೆಲಸ. ಪಕ್ಕದಲ್ಲಿ ಕೂತು ಪಿಯಾನೋ ನುಡಿಸುವುದು ನನ್ನದು. ಅಣ್ಣನ ಗಂಟಲು ಎಂಥದೆಂದರೆ, ಪರದೆಯ ಮೇಲೆ ಪಿಸುಗುಟ್ಟಿದ್ದು ಬೀದಿಯಾಚೆಯ ಕ್ಷೌರದಂಗಡಿಗೂ ಕೇಳುತ್ತಿತ್ತು.

ಅವನ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಹೊಸ ಚಿತ್ರ ಬಂದ ದಿನ ಬೆಳಿಗ್ಗೆ ಪರೀಕ್ಷೆಗೆಂದು ಓಡಿಸುವಾಗ ನಾನು ಬರಹಗಳನ್ನೆಲ್ಲ ಬರೆದುಕೊಂಡು, ಮಧ್ಯಾಹ್ನ ಅವನಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಆಟದ ನಡುವೆ ಬರಹ ಮೂಡಿದಾಗಲೆಲ್ಲ ಪಿಯಾನೋದ ಎಡತುದಿಯ ಕೀ ಒತ್ತುತ್ತಿದ್ದೆ. ಅದು ಗುಂಯ್ ಎಂದರೆ ಅಣ್ಣ ಬಾಯಿ ತೆರೆಯುತ್ತಿದ್ದ. ಯಜಮಾನರಿಗೆ ತಿಳಿದರೆ ಅವನ ಕೆಲಸ ಹೋದಂತೆಯೇ ಎಂದು ನನಗೆ ದಿನವೂ ಪುಕಪುಕ. ಅವನಿಗೆ ಅದೇನೂ ಇರಲಿಲ್ಲ. "ಕಾಣದವನಿಗೆ ಯಜಮಾನ್ರೂ ಕಾಣಲ್ಲ" ಎನ್ನುತ್ತಿದ್ದ.

ಆ ವಾರದ್ದು ಪತ್ತೇದಾರಿ ಚಿತ್ರ. ಶ್ರೀಮಂತ ಮುದುಕನೊಬ್ಬ ಬೀಗ ಹಾಕಿದ ಕೋಣೆಯಲ್ಲಿ ಸತ್ತಿರುತ್ತಾನೆ. ಕೊಂದವರು ಯಾರೆಂಬುದು ಕೊನೆಯ ರೀಲಿನವರೆಗೆ ಗುಟ್ಟು. ಸರಿಯಾಗಿ ಆ ಗುಟ್ಟು ಬಯಲಾಗುವ ಹೊತ್ತಿಗೇ ಫಿಲ್ಮು ತುಂಡಾಗಿ ಪರದೆ ಬೆಳ್ಳಗಾಯಿತು. ಫಿಲ್ಮು ತುಂಡಾದರೂ ಸಂಗೀತ ನಿಲ್ಲಬಾರದು, ನಿಂತರೆ ಜನ ಬೆಂಚು ಮುರಿಯುತ್ತಾರೆ ಎಂಬುದು ನಮ್ಮ ಕಸುಬಿನ ನಿಯಮ. ನುಡಿಸುತ್ತಲೇ ಹಿಂದೆ ತಿರುಗಿ ಪ್ರೊಜೆಕ್ಟರಿನ ಕಿಂಡಿಯತ್ತ ನೋಡಿದೆ. ನನ್ನ ಹಾಳು ಎಡಗೈ ತುದಿಯ ಕೀ ಮೇಲೆ ಬಿತ್ತು.

"ವೈದ್ಯರೇ, ವಿಷದ ಸೀಸೆ ನಿಮ್ಮ ಚೀಲದಲ್ಲೇ ಸಿಕ್ಕಿತು!" ಎಂದು ಅಣ್ಣ ಖಾಲಿ ಪರದೆಯತ್ತ ಬೆರಳು ಚಾಚಿ ಗುಡುಗಿದ.

ಮುನ್ನೂರು ಜನ ಬೆಳ್ಳಗಿನ ಪರದೆಯನ್ನೇ ದಿಟ್ಟಿಸಿದರು. ಕೊನೆಗೆ ಮುಂದಿನ ಬೆಂಚಿನಲ್ಲಿದ್ದ ಮೀನು ಮಾರುವ ಅಜ್ಜಿ ಕೇಳಿದಳು: "ಎಲ್ಲಪ್ಪಾ ಬರ್ದಿದೆ ಅದು?"

ಆಟ ಮುಗಿದ ಮೇಲೆ ಯಜಮಾನರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

"ಕಣ್ಣು ಕಾಣಲ್ವೇನಯ್ಯಾ?"

"ಇಲ್ಲ ಸ್ವಾಮಿ. ಎರಡು ವರ್ಷ ಆಯ್ತು," ಎಂದ ಅಣ್ಣ.

"ಅಷ್ಟರಲ್ಲಿ ಎಷ್ಟು ಸಲ ತಪ್ಪಿದೀಯ?"

"ಅವನು ಒಂದ್ಸಲಾನೂ ತಪ್ಪಿಲ್ಲ. ಇವತ್ತು ತಪ್ಪಿದ್ದು ನನ್ನ ಕೈ," ಎಂದೆ ನಾನು.

ಯಜಮಾನರು ನ್ಯಾಯವಂತರು. "ಹಾಗಾದ್ರೆ ನಾಳೆಯಿಂದ ನೀನು ಬರ್ಬೇಡಮ್ಮ," ಎಂದರು. ಕೈ ತಪ್ಪುವುದಕ್ಕೂ ಬಾಯಿ ತೆರೆಯುವುದಕ್ಕೂ ಏನು ಸಂಬಂಧ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮನೆಗೆ ನಡೆಯುವಾಗ ಅಣ್ಣ ನನ್ನ ತೋಳು ಹಿಡಿದುಕೊಂಡಿದ್ದ. ನನಗೆ ಅಳು ಬಂತು. ಅವನಿಗೆ ತಿಳಿಯಬಾರದೆಂದು ಸದ್ದಿಲ್ಲದೆ ಅತ್ತೆ.

"ಮೂಗು ಒರೆಸ್ಕೋ," ಎಂದ. "ನಾಳೆ ಗುಂಯ್ ಅನ್ನೋ ತನಕ ನಾನು ಬಾಯಿ ಬಿಡಲ್ಲ."

ಮರುದಿನ ಸಂಜೆ ಯಜಮಾನರ ಸೋದರಳಿಯ ಪಿಯಾನೋಕ್ಕೆ ಕೂತನಂತೆ. ನಾನು ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಯಾರೋ ಬಾಗಿಲನ್ನು ದಡದಡ ಬಡಿದರು. ತೆಗೆದರೆ ಯಜಮಾನರು, ಏದುಸಿರು ಬಿಡುತ್ತ, ಒಂದೇ ಕಾಲಿನಲ್ಲಿ ಬೂಟು.

"ಬಾರಮ್ಮಾ ಬೇಗ! ನಿಮ್ಮಣ್ಣ ಕಂಬದ ಹಾಗೆ ನಿಂತಿದಾನೆ. ಮುದುಕ ಸತ್ತು ಹತ್ತು ನಿಮಿಷ ಆಯ್ತು, ಸತ್ತಿದ್ದು ಯಾರು ಅಂತ ಮುಂದಿನ ಬೆಂಚಿನೋರಿಗೆ ಇನ್ನೂ ಗೊತ್ತಿಲ್ಲ!"

ಉಳಿದಿದ್ದ ಅರ್ಧ ಈರುಳ್ಳಿಯನ್ನೂ ಹೆಚ್ಚಿ ಮುಗಿಸಿ, ಕೈ ತೊಳೆದುಕೊಂಡು ಹೊರಟೆ.