ಬಾಯೊಳಗಿನ ಎಲುಬು

“ಬಾಯೊಳಗಿನ ಎಲುವಿಗಿ ಪಟ್ಟಿ ಎಲ್ಲಿ ಕಟ್ಟೂದು?”

ಸಾವಂತ್ರವ್ವ ಕೇಳಿದ್ದು ಯಾರನ್ನೂ ಅಲ್ಲ. ವಡಗಾವಿಯ ಇಕ್ಕಟ್ಟು ಓಣಿಯ ಆ ಮನೆಯಲ್ಲಿ ಅವಳ ಎದುರಿಗಿದ್ದದ್ದು ಖಾಲಿ ಕುಣಿಮಗ್ಗ ಒಂದೇ. ಗಂಡ ಉಳವಪ್ಪ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಇಸವಿ ಎಪ್ಪತ್ತೆಂಟರ ಆಷಾಢ ಅದು. ಹಲ್ಲಿನ ಬೇರಿನ ಕೆಳಗೆ ಗಂಟು ಬೆಳೆದು ಅವನ ಎಡದವಡೆಯ ಎಲುಬನ್ನು ತಿಂದುಹಾಕಿತ್ತು. ಹಲ್ಲಿನ ಡಾಕ್ಟರು ಮಧುಕರ ಅವರು ಹಲ್ಲು ಕಿತ್ತು, ಗಂಟು ಕೆರೆದು ತೆಗೆದಿದ್ದರು. ಆ ಕುಳಿಯೊಳಗೆ ಹೊಸ ಎಲುಬು ತುಂಬಿಕೊಳ್ಳಬೇಕಿತ್ತು. ತುಂಬಿದ್ದು ಕೀವು.

“ದವಡಿ ಈಗ ತತ್ತಿ ಸಿಪ್ಪಿ ಆಗೇತಿ, ಸಾವಂತ್ರವ್ವಾ,” ಅಂದಿದ್ದರು ಡಾಕ್ಟರು. “ಬರೂ ಸೋಮವಾರದ ತನಕಾ ನೋಡತೀನಿ. ಕೀವು ನಿಲ್ಲಲಿಲ್ಲಂದ್ರ ಅಷ್ಟು ಎಲುವು ಕತ್ತರಸೂದ.”

ಕತ್ತರಿಸಿದ ದವಡೆಯಲ್ಲಿ ಮಾತು ಹೇಗೆ ನಿಂತೀತು? ಉಳವಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತನೆಂದರೆ, ಲಾಳಿಯ ಕಣ್ಣಿನಿಂದ ಎಳೆಯನ್ನು ಬಾಯಿಂದ ಹೀರಿ ತೆಗೆದು, ಅದೇ ಬಾಯಲ್ಲಿ ಶರಣರ ವಚನ ಎತ್ತುತ್ತಿದ್ದ. ಮದುವೆಯಾಗಿ ಬಂದಾಗಿನಿಂದ ಸಾವಂತ್ರವ್ವ ಕಂಡಿಕೆಗೆ ನೂಲು ಸುತ್ತುತ್ತ ಅದನ್ನು ಕೇಳಿದವಳು. ಓದು ಬಾರದ ಅವಳಿಗೆ ಆ ದನಿಯೇ ಪುರಾಣ, ಆ ದನಿಯೇ ಪೂಜೆ.

ಬಾಜೂ ಮನೆಯ ಕಾಶವ್ವ ಹಾದಿ ತೋರಿಸಿದಳು. “ಹಲಸಿ ಊರಾಗ ಭರಮವ್ವ ಅಂತ ಅದಾಳ. ಎಲುವಿನ ಔಷಧಕ್ಕ ಆಕೀನ. ಕಾಲು ಮುರದ ಎತ್ತು ಎದ್ದು ಹೊಲದಾಗ ಗಳೆ ಹೊಡದೈತಿ.”

“ನಮ್ಮವರೇನು ಎತ್ತೇನ?”

“ಹಟಕ್ಕಂತೂ ಎತ್ತ! ಹೋಗಿ ಬಾ. ಆದ್ರ ನೇಮ ಐತಿ ನೋಡು. ನಿಮ್ಮ ಮನಿ ಹೊಸ್ತಿಲಾ ದಾಟಿದ ಮ್ಯಾಲೆ ಔಷಧ ಎಲುವಿಗಿ ಮುಟ್ಟೂ ತನಕಾ ಒಂದು ಮಾತೂ ಆಡಬಾರ್ದು. ಆಡಿದ್ರ ಆಕಿ ಕೊಡೂ ಬಳ್ಳಿ ಸತ್ತಂಗ.”

ಸುಮ್ಮನಿರುವುದು ಸಾವಂತ್ರವ್ವನಿಗೆ ಹೊಸದಲ್ಲ. ಬಸ್ಸಿನ ಕಂಡಕ್ಟರ್ “ಯವ್ವಾ, ಖಾನಾಪುರೋ, ಕೈಲಾಸೋ? ಬಾಯಿ ಬಿಡಬೇ!” ಎಂದಾಗಲೂ ರೊಕ್ಕ ಮುಂದೆ ಹಿಡಿದಳು, ಅಷ್ಟೆ. ಖಾನಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದಳು. ಹಲಸಿಯ ಹಳೆಯ ಗುಡಿಯ ಹಿಂದೆ ಮುದುಕಿ ಭರಮವ್ವನ ಮನೆ.

“ಎಲ್ಲೆ?” ಎಂದಷ್ಟೇ ಕೇಳಿದಳು ಭರಮವ್ವ. ಸಾವಂತ್ರವ್ವ ತನ್ನ ಎಡದವಡೆ ಮುಟ್ಟಿ ತೋರಿಸಿದಳು. ಮುದುಕಿ ಬೇಲಿಯಿಂದ ಮಂಗರವಳ್ಳಿ ಮುರಿದು ತಂದಳು. ನಾಲ್ಕು ಮೂಲೆಯ, ಗಿಣ್ಣುಗಿಣ್ಣಿನ ಹಸಿರು ಬಳ್ಳಿ ಅದು.

“ಇದನ್ನ ಜಜ್ಜಿ ಎಲುವಿಗಿ ಕಟ್ಟು.”

ಗಾಯ ಒಳಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಾವಂತ್ರವ್ವ ನುಂಗಿಕೊಂಡಳು.

ಎಲುಬು ಒಳಗಿದ್ದ ಮೇಲೆ ಔಷಧವೂ ಒಳಗೇ ಹೋಗಬೇಕಲ್ಲವೇ? ಮನೆಗೆ ಬಂದು, ಮನದಲ್ಲೇ ಶಿವನಾಮ ನೆನೆದು, ಹಸಿ ಬಳ್ಳಿಯನ್ನು ಜಜ್ಜಿ ಗಂಡನ ಬಾಯಿಯ ಕುಳಿಯೊಳಗೆ ತುರುಕಿದಳು.

ಉಳವಪ್ಪ ಚೀರಿದ. ನೆಲಕ್ಕೆ ಕೈ ಬಡಿಬಡಿದು ಹೊರಳಾಡಿದ. ನೋಡನೋಡುತ್ತ ತುಟಿ, ನಾಲಿಗೆ, ಗಂಟಲು ಊದಿಕೊಂಡು ನೀರು ಸಹ ಇಳಿಯದಂತಾಯಿತು.

ದವಾಖಾನೆಯಲ್ಲಿ ಮಧುಕರ ಡಾಕ್ಟರು ಬಾಯಿ ತೊಳೆದು ಹಸಿರು ಚೂರುಗಳನ್ನು ಒಂದೊಂದಾಗಿ ತೆಗೆದರು. “ಯಾರು ಇಟ್ಟಾರ ಇದನ್ನ?”

“ನಾನರೀ.”

ಬೈಯಲು ಹೊರಟವರು ಅವಳ ಮುಖ ನೋಡಿ ತಡೆದುಕೊಂಡರು. “ಈ ಬಳ್ಳಿ ಹಸೀದು ಬಾಯಾಗ ಇಟ್ರ ಸುಡತೈತವ್ವಾ. ನಮ್ಮಜ್ಜಿ ತುಪ್ಪದಾಗ ಹುರದು ಕೊಡತಿದ್ಲು. ಹಂಗ ಹೊಟ್ಟಿಗಿ ತಗೊಳ್ಳಲಿ, ನಾ ಬ್ಯಾಡ ಅನ್ನೂದಿಲ್ಲ. ಎಲುವು ಬೆಳಿತೈತಿ ಅಂತ ಖಾತ್ರಿನೂ ಕೊಡೂದಿಲ್ಲ. ಗಾಯದಾಗ ಮಾತ್ರ ಏನೂ ಇಡಬ್ಯಾಡ್ರಿ.”

“ಸೋಮವಾರ ಅಂದಿದ್ರಲ್ಲಾ... ಒಂದಿಷ್ಟು ಮುಂದಕ್ಕ...”

“ಸೋಮವಾರಂದ್ರ ಸೋಮವಾರ.”

ಮತ್ತೆ ಹಲಸಿಗೆ ಓಡಿದಳು. ಈ ಸಲ ಅಂಗಳದಿಂದಲೇ ಅಳುತ್ತ ಎಲ್ಲ ಹೇಳಿಕೊಂಡಳು. ಭರಮವ್ವ ಹಣೆ ಬಡಿದುಕೊಂಡಳು.

“ನಾ ಹೇಳಿದ್ದು ಗಲ್ಲದ ಮ್ಯಾಲೆ ಕಟ್ಟಾಕ! ಒಳಗಿನ ಗಾಯ ಅಂತ ಹೇಳಬಾರ್ದೇನ, ಹುಚ್ಚವ್ವಾ?”

“ಮಾತಾಡಬಾರ್ದು ಅಂತ ನೇಮಾರೀ...”

“ನೇಮ ಮಾತಿಗಿ ಅಷ್ಟ. ಬಾಯಿ ಅಗಲಿಸಿ ಬಟ್ಟು ಮಾಡಿ ತೋರಿಸಿದ್ರ ನನಗ ತಿಳೀತಿರಲಿಲ್ಲೇನ?”

ಸಾವಂತ್ರವ್ವನಿಗೆ ಅದೊಂದು ಹೊಳೆದೇ ಇರಲಿಲ್ಲ.

ರವಿವಾರ ಸಂಜೆ. ಭರಮವ್ವ ತುಪ್ಪದಲ್ಲಿ ಹುರಿದುಕೊಟ್ಟ ಬಳ್ಳಿಯನ್ನು ನುಣ್ಣಗೆ ಅರೆದು, ಹಾಲಿನ ಗಂಜಿಯಲ್ಲಿ ಕಲಸಿ ಗಂಡನ ಬದಿಗೆ ಕೂತಳು. ಬಾವು ಇಳಿದಿತ್ತು. ಕೀವು ನಿಂತಿರಲಿಲ್ಲ.

“ಏನ್ರೀ, ಇದು ಹಸೀದಲ್ಲ. ಮೊದಲ ನಾನ ತಿಂದೇನಿ, ನೋಡ್ರಿಲ್ಲೆ.” ನಾಲಿಗೆ ಚಾಚಿ ತೋರಿಸಿದಳು. “ಸುಡೂದಿಲ್ಲ. ಡಾಕ್ಟರೂ ಹೂಂ ಅಂದಾರ. ನಾಳೆ ಒಯ್ದು ಕತ್ತರಸ್ತಾರ್ರೀ... ನಿಮ್ಮ ವಚನ ಕೇಳದ ಈ ಮನಿಯಾಗ ನಾ ಹೆಂಗ ಇರಲಿ? ಒಂದ ತುತ್ತು. ನಿಮ್ಮ ಕಾಲು ಹಿಡಿತೀನಿ, ಬಾಯಿ ತಗೀರಿ.”

ಉಳವಪ್ಪ ಅವಳ ಮುಖ ನೋಡಲಿಲ್ಲ. ಚಮಚ ಹಿಡಿದ ಕೈಯನ್ನೇ ನೋಡಿದ. ಅದೇ ಕೈ. ದವಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಗೋಡೆಯತ್ತ ಹೊರಳಿದ.

“ಒಲ್ಲೆ,” ಅಂದ.