ಪರವಾಗಿಲ್ಲ ಅಂದರೆ ಇದೆಯಾ, ಇಲ್ವಾ?

ನನ್ನ ಬಾಯಿ ಕೆಟ್ಟದ್ದು ಅಂತ ಇಡೀ ಆಸ್ಪತ್ರೆಗೇ ಗೊತ್ತು. ಆಪರೇಷನ್ ಆದವರ ವಾರ್ಡು ಇಪ್ಪತ್ತೇಳು ವರ್ಷದಿಂದ ನನ್ನ ಕೈಯಲ್ಲಿದೆ. ಎದುರಿಗೆ ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ, ಬೆನ್ನ ಹಿಂದೆ ಮೆಣಸಿನಕಾಯಿ ಅನ್ನುತ್ತಾರೆ. ಅನ್ನಲಿ ಬಿಡಿ. ಬಾಯಿ ಹೇಗಾದರೂ ಇರಲಿ, ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಿ ನೋಡೋಣ ಅಂತ ಮೆರೆಯುತ್ತಿದ್ದವಳು ನಾನು. ಆ ಮೆರೆದಾಟ ಮುಗಿದದ್ದು ಹೇಗೆ ಅಂತ ಹೇಳುತ್ತೇನೆ. ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ವಾರ್ಡಿನಲ್ಲಿ ನರ್ಸಿನ ಒಂದು ಜಾಗ ಖಾಲಿಯಾಗಿತ್ತು. ಅದು ನನ್ನ ತಂಗಿ ಮಗಳಿಗೇ ಸಿಗುತ್ತದೆ ಅಂತ ಮನೆಯಲ್ಲಿ ಮಾತು ಕೊಟ್ಟುಬಿಟ್ಟಿದ್ದೆ. ತಂಗಿ ಆಗಲೇ ನಾಲ್ಕು ಮನೆಗೆ ಸುದ್ದಿಯನ್ನೂ ಹಬ್ಬಿಸಿದ್ದಳು. ಅಷ್ಟರಲ್ಲಿ ನಮ್ಮ ಸೂಪರಿಂಟೆಂಡೆಂಟ್ ಡಾಕ್ಟರು, ನನ್ನನ್ನು ಒಂದು ಮಾತೂ ಕೇಳದೆ, ಸಮುದ್ರದಾಚೆಯ ಯಾವುದೋ ದೇಶದಿಂದ ಒಬ್ಬಳನ್ನು ತಂದು ನಿಲ್ಲಿಸಿದರು. ಎತ್ತರದ ಹೆಂಗಸು, ಮೂವತ್ತರ ಆಸುಪಾಸು. ಕೈಯಲ್ಲೊಂದು ಪುಟ್ಟ ನೋಟ್‌ಬುಕ್ಕು. ನಮ್ಮ ಮಾತನ್ನು ಪುಸ್ತಕ ನೋಡಿ ಕಲಿತು ಬಂದಿದ್ದಳು.

"ಮೂರು ತಿಂಗಳು ನೋಡಿ, ಸಿಸ್ಟರ್. ಆಮೇಲೆ ನಿಮ್ಮ ವರದಿ ಹೇಗೋ ಹಾಗೆ," ಅಂದರು ಡಾಕ್ಟರು. ವರದಿ ಚೆನ್ನಾಗಿದ್ದರೆ ಅವಳ ಕೆಲಸ ಖಾಯಂ, ಆಗ ತಾಯಿಯ ಹತ್ತಿರ ಬಿಟ್ಟು ಬಂದಿದ್ದ ಆರು ವರ್ಷದ ಮಗಳನ್ನು ಕರೆಸಿಕೊಳ್ಳಬಹುದು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು. ಇದೆಲ್ಲ ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಅವಳು ನನ್ನನ್ನು ಅಕ್ಕ ಅಂದಳು. ವಾರ್ಡಿನ ಆಯಾ ಹೇಳಿಕೊಟ್ಟಿದ್ದಂತೆ. "ಯಾರೇ ನಿನಗೆ ಅಕ್ಕ? ಮೇಡಂ ಅನ್ನು," ಅಂತ ಎಲ್ಲರೆದುರಿಗೇ ಗದರಿದೆ. ಅವಳಿಗೆ ಹೆಸರಿತ್ತು, ಆದರೆ ನಾನು ಇಟ್ಟ ಹೆಸರು ಪರದೇಶಿ. "ಎಲ್ಲಿ ನಮ್ಮ ಪರದೇಶಿ?" ಅಂದರೆ ಇಡೀ ವಾರ್ಡು ಕಿಸಕ್ಕನೆ ನಗುತ್ತಿತ್ತು. ಅವಳು ಪುಸ್ತಕದಲ್ಲಿ ಹುಡುಕಿ, ಬೇರೆ ದೇಶದವರು ಅಂತ ಅರ್ಥ ಕಂಡುಕೊಂಡು, "ಹೌದು ಮೇಡಂ, ನಾನು ಪರದೇಶಿ!" ಅಂತ ಖುಷಿಯಿಂದ ಕೈ ಎತ್ತಿದಳು. ದಿಕ್ಕುದೆಸೆ ಇಲ್ಲದವರನ್ನೂ ನಾವು ಹಾಗೇ ಕರೆಯುತ್ತೇವೆ ಅಂತ ಆ ಪುಸ್ತಕದಲ್ಲಿ ಇರಲಿಲ್ಲವೋ ಏನೋ. ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಕೆಲಸದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸೂಜಿ ಚುಚ್ಚಿದರೆ ಮಕ್ಕಳೂ ಅಳುತ್ತಿರಲಿಲ್ಲ. ಡ್ರೆಸ್ಸಿಂಗ್ ಅಂತೂ ನನಗಿಂತ ಚೊಕ್ಕ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಕೊನೆಗೆ ಅವಳ ಅಕ್ಷರಕ್ಕೆ ಕೈ ಹಾಕಿದೆ. ನಮ್ಮಲ್ಲಿ ರೋಗಿ ಹೇಳಿದ್ದನ್ನು ನಮ್ಮ ಭಾಷೆಯಲ್ಲೇ ಕೇಸ್ ಶೀಟಿನಲ್ಲಿ ಬರೆಯಬೇಕು. ಬೆಳಗಿನ ಎಂಟು ಗಂಟೆಯ ಸುತ್ತಿನಲ್ಲಿ ರೋಗಿಗಳನ್ನು ನಾನು ವಿಚಾರಿಸುವುದು, ನಾನು ಹೇಳಿದ್ದನ್ನು ಅವಳು ಬರೆದು ಸಹಿ ಹಾಕುವುದು ಅಂತ ಏರ್ಪಾಟು ಮಾಡಿದೆ. ಆಮೇಲೆ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ. ಒತ್ತು ತಪ್ಪಿದಲ್ಲಿ ಸುತ್ತು, ದೀರ್ಘ ಬಿಟ್ಟಲ್ಲಿ ಸುತ್ತು. ತಪ್ಪಿದ ಪದವನ್ನು ಹತ್ತು ಸಲ ಬರೆದು ತೋರಿಸಬೇಕು. ಪಾಪ, ಬರೆದು ತೋರಿಸುತ್ತಿದ್ದಳು.

ಮೂರು ತಿಂಗಳ ಕೊನೆಯ ದಿನ ಬೆಳಿಗ್ಗೆ ಏಳನೇ ಬೆಡ್ಡಿಗೆ ಬಂದೆವು. ಅಲ್ಲಿದ್ದವರು ರಿಟೈರಾದ ಮೇಷ್ಟ್ರು, ಕರುಳಿನ ಆಪರೇಷನ್ ಆಗಿ ಐದನೇ ದಿನ. ಹಲ್ಲಿನ ಸೆಟ್ಟು ಕಿಟಕಿಯ ಮೇಲಿನ ಲೋಟದಲ್ಲಿತ್ತು. ಕುತ್ತಿಗೆವರೆಗೂ ಹೊದ್ದು ಮಲಗಿದ್ದರು.

"ಹೇಗಿದೀರ ಮೇಷ್ಟ್ರೇ?"

"ಪರವಾಗಿಲ್ಲಮ್ಮ."

"ಪರವಾಗಿಲ್ಲ ಅಂತ ಬರಿ," ಅಂದೆ ಅವಳಿಗೆ. ಅವಳು ಹೊದಿಕೆ ಎತ್ತಲು ಬಗ್ಗಿದಳು. "ಬರಿ ಅಂದೆ ತಾನೆ? ಹೊತ್ತಾಗ್ತಿದೆ, ನಡಿ," ಅಂತ ಎಳೆದುಕೊಂಡು ಹೋದೆ. ಅವಳು 'ಪರವಗಿಲ್ಲ' ಅಂತ ಬರೆದಿದ್ದಳು. ವಕಾರಕ್ಕೆ ದೀರ್ಘವೇ ಇಲ್ಲ. ಕೆಂಪು ಸುತ್ತು ಹಾಕಿದೆ.

ಹತ್ತು ಗಂಟೆಗೆ ಸೂಪರಿಂಟೆಂಡೆಂಟರು, ಖಾಯಂ ಮಾಡುವ ಮೊದಲು ಅವಳಿಗಿದ್ದ ಪರೀಕ್ಷೆ ನೋಡಲು ಬಂದರು. ಒಬ್ಬ ರೋಗಿಯನ್ನು ಅವಳೇ ಮಾತಾಡಿಸಿ ವಿಷಯ ತಿಳಿದುಕೊಳ್ಳಬೇಕು. ಯಾರನ್ನು ಅಂತ ಆರಿಸುವುದು ನನಗೆ ಬಿಟ್ಟದ್ದು. ಬೇಕೆಂದೇ ಮೇಷ್ಟ್ರನ್ನು ತೋರಿಸಿದೆ. ಹಲ್ಲಿಲ್ಲದ ಬಾಯಿಂದ ಅವರು ಆಡುವುದು ನಮಗೇ ಅರ್ಧ ತಿಳಿಯುತ್ತಿರಲಿಲ್ಲ. ಇವಳಿಗೆ ಏನು ತಿಳಿದೀತು ಅಂತ ಒಳಗೊಳಗೇ ಹಿಗ್ಗಿದೆ.

ಅವಳು ಸ್ಟೂಲ್ ಎಳೆದು ಕೂತು, ಅವರ ಕೈ ಹಿಡಿದುಕೊಂಡಳು. "ಹೇಗಿದೀರ, ಮೇಷ್ಟ್ರೇ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದರೆ? ನೋವು ಇದೆಯಾ, ಇಲ್ವಾ?"

ಸುತ್ತಲಿದ್ದ ನರ್ಸುಗಳು ಮುಸಿಮುಸಿ ನಕ್ಕರು. ನನಗೆ ಅಷ್ಟೇ ಬೇಕಿತ್ತು. "ನೋಡಿ ಸರ್, ಮೂರು ತಿಂಗಳಾಯ್ತು, ಪರವಾಗಿಲ್ಲ ಅನ್ನೋ ಮಾತಿನ ಅರ್ಥ ಗೊತ್ತಿಲ್ಲ ಇವಳಿಗೆ!"

ಅವಳು ಎದ್ದು ನಿಂತಳು. "ಗೊತ್ತಿಲ್ಲ, ಮೇಡಂ. ನಿಮಗೆ ಟೀ ತಂದೆ, ಪರವಾಗಿಲ್ಲ ಅಂದ್ರಿ. ಅದು ಬೇಡ ಅಂತ. ನನ್ನ ಕೆಲಸ ಹೇಗಿದೆ ಅಂತ ಕೇಳಿದೆ, ಪರವಾಗಿಲ್ಲ ಅಂದ್ರಿ. ಅದು ಚೆನ್ನಾಗಿಲ್ಲ ಅಂತ. ಟ್ರೇ ಬಿದ್ದು ಆಯಾಗೆ ಪೆಟ್ಟಾಯ್ತು, ಅವರೂ ಪರವಾಗಿಲ್ಲ ಅಂದ್ರು, ಅಳ್ತಾ ಇದ್ರು. ಅದಕ್ಕೇ ನಾನು ಎಲ್ಲರನ್ನೂ ಎರಡನೇ ಸಲ ಕೇಳ್ತೀನಿ."

ಅದರಲ್ಲಿ ಕುಹಕ ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಅಷ್ಟೆ. ಮತ್ತೆ ಕೂತು ಮೇಷ್ಟ್ರ ಕಡೆ ಬಗ್ಗಿದಳು. "ಹೇಳಿ. ಇದೆಯಾ, ಇಲ್ವಾ?"

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. "ಇದೆಯಮ್ಮ. ಕಾಲು. ನಿನ್ನೆಯಿಂದ. ಎಲ್ಲರೂ ಓಡಾಡ್ತಾ ಇರ್ತೀರಲ್ಲ, ಯಾಕೆ ತೊಂದರೆ ಕೊಡೋದು ಅಂತ..."

ಅವಳು ಹೊದಿಕೆ ಸರಿಸಿದಳು. ಎಡಗಾಲಿನ ಮೀನಖಂಡ ಬಲಗಾಲಿನದರ ಒಂದೂವರೆಪಟ್ಟು ಊದಿ ಕೆಂಪಗಾಗಿತ್ತು. ಅಯ್ಯೋ ದೇವರೇ ಅಂತ ನನ್ನ ಬಾಯಿಂದಲೇ ಬಂತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಕಿತ್ತುಕೊಂಡು ಎದೆಗೆ ಹೋಗಿದ್ದರೆ ಮೇಷ್ಟ್ರು ಅಲ್ಲೇ ಮುಗಿದುಹೋಗುತ್ತಿದ್ದರು. ಡಾಕ್ಟರು ತಕ್ಷಣ ಸ್ಕ್ಯಾನಿಗೆ ಕಳಿಸಿದರು, ಇಂಜೆಕ್ಷನ್ ಶುರುವಾಯಿತು, ಜೀವ ಉಳಿಯಿತು.

ಆಮೇಲೆ ಅವರು ಕೇಸ್ ಶೀಟ್ ಕೈಗೆತ್ತಿಕೊಂಡರು. "ಬೆಳಿಗ್ಗೆ ಎಂಟಕ್ಕೆ ಪರವಾಗಿಲ್ಲ ಅಂತ ಬರೆದಿದೆ. ಹೊದಿಕೆ ಎತ್ತಿ ಕಾಲು ನೋಡದೆ ಬರೆದವರು ಯಾರು?" ಸಹಿ ಓದಿದರು. "ಇದು ನಿನ್ನ ಸಹಿ ಅಲ್ವಾ?"

"ಹೌದು ಸರ್," ಅಂದಳು.

"ಈ ಕೆಂಪು ಸುತ್ತು ಏನು?"

ಅವರು ಕೇಳಿದ್ದು ನನ್ನನ್ನು. "ಅಕ್ಷರ ತಪ್ಪು, ಸರ್," ಅಂದೆ.

"ಸಾಲದ್ದಕ್ಕೆ ಅಕ್ಷರ ಬೇರೆ ತಪ್ಪು! ಈಗ ಕಂಡುಹಿಡಿದದ್ದು ಸರಿ, ಆದರೆ ಎರಡು ಗಂಟೆ ಹಿಂದೆ ನೋಡದೆ ಬರೆದವಳೂ ಇವಳೇ ಆಯ್ತಲ್ಲ. ಸಾಯಂಕಾಲದೊಳಗೆ ವರದಿ ಕೊಡಿ, ಸಿಸ್ಟರ್. ನೀವು ಬೇಡ ಅಂದ್ರೆ ಬೇಡ."

ಅವಳು ನನ್ನ ಮುಖ ನೋಡಿದಳು. ಒಂದೇ ಒಂದು ಸಲ. ನಾನು ಹೇಳಿ ಬರೆಸಿದ್ದು ಅನ್ನಲು ಎಷ್ಟು ಹೊತ್ತು ಬೇಕು? ಇಪ್ಪತ್ತೇಳು ವರ್ಷದಿಂದ ಸುಮ್ಮನಿರದ ಈ ಬಾಯಿಗೆ ಆಗ ಬೀಗ ಬಿತ್ತು. ದೀರ್ಘ ಬಿಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿತ್ತು, ಕಾಲು ಬಿದ್ದಿರಲಿಲ್ಲ. ಅದನ್ನು ಎಲ್ಲರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಡಾಕ್ಟರು ಹೊರಟುಹೋದರು.

ಮಧ್ಯಾಹ್ನ ವರದಿಯ ಫಾರಂ ಮುಂದಿಟ್ಟುಕೊಂಡು ಕೂತೆ. ಬೇಡ ಅಂತ ಬರೆದರೆ ತಂಗಿ ಮಗಳಿಗೆ ಜಾಗ ಸಿಗುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಪೆನ್ನು ಏಳಲಿಲ್ಲ. ಎದ್ದು ಬಟ್ಟೆಯ ಕೋಣೆಗೆ ಹೋದೆ. ಅವಳು ಒಗೆದು ಬಂದ ಹೊದಿಕೆಗಳನ್ನು ಮಡಿಸಿಡುತ್ತಿದ್ದಳು.

"ಯಾಕೆ ಹೇಳಲಿಲ್ಲ ನೀನು? ನಾನು ಬರೆಸಿದ್ದು ಅಂತ ಹೇಳಬಹುದಿತ್ತಲ್ಲ?" ನೋಡಿ, ಆಗಲೂ ಗದರುವ ದನಿಯೇ.

ಅವಳು ಜೇಬಿನಿಂದ ಒಂದು ಹಾಳೆ ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಬೆಳಿಗ್ಗೆಯ ತಪ್ಪಿಗೆ ನಾನು ವಿಧಿಸಿದ್ದ ಶಿಕ್ಷೆ. ಪರವಾಗಿಲ್ಲ, ಪರವಾಗಿಲ್ಲ, ಪರವಾಗಿಲ್ಲ, ಒಂದರ ಕೆಳಗೊಂದು ಹತ್ತು ಸಲ. ಹತ್ತಕ್ಕೆ ಹತ್ತರಲ್ಲೂ ದೀರ್ಘ ಸರಿಯಾಗಿತ್ತು.

"ಸರಿ ಇದೆಯಾ, ಮೇಡಂ?" ಅಂತ ಕೇಳಿದಳು.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆ ಹಾಳೆ ಹಿಡಿದುಕೊಂಡೇ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಎಂಟು ಗಂಟೆಯ ಮಾತು, ಅವಳು ಹೊದಿಕೆಗೆ ಕೈ ಹಾಕಿದ್ದು, ನಾನು ತಡೆದದ್ದು, ತಂಗಿ ಮಗಳ ವಿಷಯ, ಪರದೇಶಿ ಅಂದದ್ದೂ. ಬೈಯಲಿ, ಸಸ್ಪೆಂಡ್ ಮಾಡಲಿ ಅಂತ ಕಾದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೋಗಲಿ ಬಿಡಿ ಸಿಸ್ಟರ್, ನಿಮ್ಮಂಥವರಿಗೂ ಒಮ್ಮೊಮ್ಮೆ ಹೀಗಾಗತ್ತೆ," ಅಂದರು. ಅವಳಿಗೆ ಸಿಗದಿದ್ದ ಕ್ಷಮೆ ನನಗೆ ಅರೆಗಳಿಗೆಯಲ್ಲಿ ಸಿಕ್ಕಿತು. ಅದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಅವಳ ಕೆಲಸ ಖಾಯಂ ಆಯಿತು. ಖಾಯಂ ಆದ ಮರುದಿನವೇ ಮಕ್ಕಳ ವಾರ್ಡು ಕೇಳಿಕೊಂಡು ಹೋದಳು. ಮಗಳು ಬಂದಿದ್ದಾಳೆ, ಸ್ಕೂಲಿಗೆ ಸೇರಿದ್ದಾಳೆ ಅಂತ ಆಯಾ ಹೇಳಿದಳು. ನನ್ನ ತಂಗಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ, ಅದು ಹಾಗಿರಲಿ. ನಾನೂ ಈಗ ಪ್ರತಿ ಬೆಡ್ಡಿನಲ್ಲೂ ಎರಡನೇ ಸಲ ಕೇಳುತ್ತೇನೆ, ಹೊದಿಕೆ ಎತ್ತಿ ನೋಡುತ್ತೇನೆ.

ಕಾರಿಡಾರಿನಲ್ಲಿ ದಿನಕ್ಕೊಂದು ಸಲವಾದರೂ ಅವಳು ಎದುರಾಗುತ್ತಾಳೆ. ನಾನೇ ಮೊದಲು, "ಹೇಗಿದೀಯಮ್ಮ?" ಅನ್ನುತ್ತೇನೆ.

"ಪರವಾಗಿಲ್ಲ, ಮೇಡಂ," ಅನ್ನುತ್ತಾಳೆ.

ಎರಡನೇ ಸಲ ಕೇಳಲು ನನಗೆ ಮುಖವಿಲ್ಲ.